ಗರ್ಭಿಣಿಯರ ವ್ಯಾಯಾಮ: ಪ್ರಶ್ನಾವಳಿಗಳು ಅಳೆಯುವುದೇನನ್ನು?

ವೈದ್ಯಕೀಯ, ಶುಶ್ರೂಷಾ ಮತ್ತು ಫಿಸಿಯೋಥೆರಪಿ ಕಾಲೇಜುಗಳಿಂದ ಹೊರಬರುವ ಪ್ರಬಂಧಗಳಲ್ಲಿ ಒಂದು ಬಗೆಯವು ಬಹು ಜನಪ್ರಿಯ. ಅವುಗಳ ಶೀರ್ಷಿಕೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ಗರ್ಭಾವಸ್ಥೆಯಲ್ಲಿ ವ್ಯಾಯಾಮದ ಬಗ್ಗೆ ಗರ್ಭಿಣಿಯರ ತಿಳಿವಳಿಕೆ, ಮನೋಭಾವ ಮತ್ತು ಆಚರಣೆ – ಆಯ್ದ ಆಸ್ಪತ್ರೆಯೊಂದರಲ್ಲಿ ನಡೆಸಿದ ಅಧ್ಯಯನ’. ಊರು ಬದಲಾಗುತ್ತದೆ, ಗರ್ಭಿಣಿಯರ ಸಂಖ್ಯೆ ಬದಲಾಗುತ್ತದೆ. ತೀರ್ಮಾನ ಬದಲಾಗುವುದು ಅಪರೂಪ. ಬಹುಪಾಲು ಮಹಿಳೆಯರ ತಿಳಿವಳಿಕೆ ‘ಸಾಧಾರಣ’, ಮನೋಭಾವ ‘ಅನುಕೂಲಕರ’, ಆಚರಣೆ ‘ಕಳಪೆ’. ಆದ್ದರಿಂದ ಮಹಿಳೆಯರಿಗೆ ಆರೋಗ್ಯ ಶಿಕ್ಷಣ ಕೊಡಬೇಕು. ನಮ್ಮ ದೇಶದಲ್ಲಷ್ಟೇ ಅಲ್ಲ, ಆಫ್ರಿಕ, ಅರಬ್ ದೇಶಗಳು, ಆಗ್ನೇಯ ಏಷ್ಯದಿಂದ ಬರುವ ಇಂಥ ಲೇಖನಗಳದೂ ಇದೇ ಧಾಟಿ.

ಭೌತವಿಜ್ಞಾನದ ಅಧ್ಯಾಪಕನಿಗೆ ಇಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಹೆರಿಗೆಯ ವಿಷಯದಲ್ಲಿ ಸಲಹೆ ಕೊಡುವ ಅರ್ಹತೆ ನನಗಿಲ್ಲ, ಕೊಡುವ ಉದ್ದೇಶವೂ ಇಲ್ಲ. ಆದರೆ ಈ ಪ್ರಬಂಧಗಳು ತಾವು ಏನನ್ನೋ ಅಳೆದಿರುವುದಾಗಿ ಹೇಳಿಕೊಳ್ಳುತ್ತವೆ. ಅಂಕಗಳನ್ನು ಕೊಡುತ್ತವೆ, ಸರಾಸರಿ ತೆಗೆಯುತ್ತವೆ, ಪ್ರಮಾಣ ವಿಚಲನೆಯನ್ನು ಎರಡು ದಶಮಾಂಶ ಸ್ಥಾನದವರೆಗೆ ಬರೆಯುತ್ತವೆ. ಅಳತೆ ಎಂದ ಮೇಲೆ ಅಳತೆಗೋಲು ಯಾವುದು, ಅದರ ಶೂನ್ಯ ಎಲ್ಲಿದೆ, ಅದರಲ್ಲಿ ದೋಷವೆಷ್ಟು ಎಂದು ಕೇಳುವುದು ನಮ್ಮ ವೃತ್ತಿ. ಅದೂ ಅಲ್ಲದೆ ಈ ಪ್ರಬಂಧಗಳನ್ನು ಬರೆಯುವವರು ನಮ್ಮ ಪದವಿಪೂರ್ವ ತರಗತಿಗಳಿಂದಲೇ ಹೋದ ವಿದ್ಯಾರ್ಥಿಗಳು. ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷವನ್ನು ಅವರಿಗೆ ಕಲಿಸಿದವರು ನಾವೇ.

ಮೊದಲಿಗೆ, ವಿಷಯದ ಬಗ್ಗೆ ಈಗ ಗೊತ್ತಿರುವುದನ್ನು ಚುಟುಕಾಗಿ ನೋಡೋಣ. ತೊಂದರೆಯಿಲ್ಲದ ಗರ್ಭಾವಸ್ಥೆಯಲ್ಲಿ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಒಳ್ಳೆಯದು ಎಂಬುದರಲ್ಲಿ ಇಂದು ತಜ್ಞರಲ್ಲಿ ಭಿನ್ನಾಭಿಪ್ರಾಯ ಹೆಚ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸುತ್ತದೆ. ಕೆನಡದ ತಜ್ಞರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯದೂ ಇದೇ ಪ್ರಮಾಣ. ಅದಕ್ಕಾಗಿ ನಡೆಸಿದ ಪ್ರಯೋಗಗಳ ಒಟ್ಟಾರೆ ವಿಶ್ಲೇಷಣೆಯಲ್ಲಿ ಗರ್ಭಕಾಲದ ಮಧುಮೇಹ, ಗರ್ಭಕಾಲದ ಅಧಿಕ ರಕ್ತದೊತ್ತಡ ಮತ್ತು ಅದರ ತೀವ್ರ ರೂಪವಾದ ಪ್ರಿ-ಎಕ್ಲಾಂಪ್ಸಿಯ ಸಂಭವ ಸುಮಾರು ಶೇಕಡ 40ರಷ್ಟು ಕಡಿಮೆಯಾಗುವುದು ಕಂಡುಬಂತು. ತೀವ್ರ ರಕ್ತಹೀನತೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿರುವುದು, ನೆತ್ತರು ಹೋಗುವುದು, ಅವಧಿಗೆ ಮುನ್ನ ಹೆರಿಗೆಯ ಸೂಚನೆ ಇತ್ಯಾದಿ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಅದನ್ನು ವೈದ್ಯರೇ ನಿರ್ಧರಿಸಬೇಕು. ಭಾರತದಲ್ಲಿ ಗರ್ಭಕಾಲದ ಮಧುಮೇಹ ಸಣ್ಣ ಸಮಸ್ಯೆಯಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರ ಪೈಕಿ ಶೇಕಡ ಸುಮಾರು 6ರಷ್ಟು ಮಂದಿಯಲ್ಲಿ ಅದು ಕಂಡುಬಂದಿತ್ತು. ಹಾಗಾಗಿ ಗರ್ಭಿಣಿಯರಿಗೆ ವ್ಯಾಯಾಮದ ಬಗ್ಗೆ ಏನು ಗೊತ್ತು, ಏನನ್ನಿಸುತ್ತದೆ ಎಂಬ ಪ್ರಶ್ನೆ ವ್ಯರ್ಥವಾದುದಲ್ಲ. ನನ್ನ ತಕರಾರು ಪ್ರಶ್ನೆಯ ಬಗ್ಗೆ ಅಲ್ಲ, ಉತ್ತರವನ್ನು ಅಳೆಯುವ ಕ್ರಮದ ಬಗ್ಗೆ.

ಸರಿಯುತ್ತರವೇ ಸರಿದಾಗ

‘ತಿಳಿವಳಿಕೆ’ಯನ್ನು ಅಳೆಯಲು ಇಪ್ಪತ್ತೋ ಮೂವತ್ತೋ ಪ್ರಶ್ನೆಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ‘ಸರಿಯುತ್ತರ’. ಈ ಸರಿಯುತ್ತರಗಳು ಬರುವುದು ಆಯಾ ಕಾಲದ ಮಾರ್ಗಸೂಚಿಗಳಿಂದ. ಆ ಮಾರ್ಗಸೂಚಿಗಳ ಇತಿಹಾಸ ಸ್ವಾರಸ್ಯವಾಗಿದೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 1985ರಲ್ಲಿ ಕೊಟ್ಟ ಸೂಚನೆಯಂತೆ ವ್ಯಾಯಾಮದ ವೇಳೆ ಗರ್ಭಿಣಿಯ ನಾಡಿಮಿಡಿತ ನಿಮಿಷಕ್ಕೆ 140 ದಾಟಬಾರದು, ಶ್ರಮದ ವ್ಯಾಯಾಮ 15 ನಿಮಿಷ ಮೀರಬಾರದು. 1994ರ ಹೊತ್ತಿಗೆ ಈ ಎರಡು ಸಂಖ್ಯೆಗಳನ್ನೂ ಅದೇ ಸಂಸ್ಥೆ ಕೈಬಿಟ್ಟಿತು. 2002ರಲ್ಲಿ, ತೊಂದರೆಯಿಲ್ಲದವರು ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆ ಮಧ್ಯಮ ವ್ಯಾಯಾಮ ಮಾಡಬೇಕು ಎಂದಿತು. ಅಂದರೆ 1990ರಲ್ಲಿ ‘140 ದಾಟಬಾರದು’ ಎಂದು ಗುರುತು ಹಾಕಿದವಳಿಗೆ ಒಂದು ಅಂಕ. ಐದು ವರ್ಷದ ನಂತರ ಅವಳ ತಂಗಿ ಅದೇ ಉತ್ತರ ಕೊಟ್ಟರೆ ಸೊನ್ನೆ. ಇಬ್ಬರಿಗೂ ಅದನ್ನು ಹೇಳಿದವರು ವೈದ್ಯರೇ ಇರಬಹುದು.

ವಿಜ್ಞಾನದಲ್ಲಿ ತಿಳಿವಳಿಕೆ ಪರಿಷ್ಕಾರಗೊಳ್ಳುವುದು ಸಹಜ, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. 140 ಎಂಬ ಮಿತಿ ಹಾಕಿದಾಗ ಗರ್ಭಿಣಿಯರ ಮೇಲೆ ನಡೆದ ಪ್ರಯೋಗಗಳೇ ಕಡಿಮೆ ಇದ್ದವು. ತಜ್ಞರು ಎಚ್ಚರಿಕೆಯ ಕಡೆಗೆ ವಾಲಿದರು. ಜೇಮ್ಸ್ ಕ್ಲ್ಯಾಪ್ ಮೊದಲಾದವರು ಓಟಗಾರ್ತಿಯರನ್ನು ಗರ್ಭಾವಸ್ಥೆಯುದ್ದಕ್ಕೂ ಅಭ್ಯಸಿಸಿದ ಬಳಿಕ ಚಿತ್ರ ಬದಲಾಯಿತು. ಆದರೆ ಪ್ರಶ್ನಾವಳಿಯ ತೊಂದರೆ ಏನೆಂದರೆ, ಅದು ಮಾರ್ಗಸೂಚಿಯ ವಾಕ್ಯವನ್ನು ಕೇಳುತ್ತದೆಯೇ ಹೊರತು ವಾಕ್ಯದ ಹಿಂದಿನ ಕಾರಣವನ್ನು ಕೇಳುವುದಿಲ್ಲ. ವಾಕ್ಯ ಬದಲಾದರೂ ಕಾರಣ ಸಾಮಾನ್ಯವಾಗಿ ಬದಲಾಗದು. ‘ನಾಲ್ಕನೆಯ ತಿಂಗಳ ನಂತರ ಅಂಗಾತ ಮಲಗಿ ವ್ಯಾಯಾಮ ಮಾಡಬಹುದೇ?’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ಹೌದು–ಅಲ್ಲ ಎಂಬ ಉತ್ತರದಲ್ಲಿ ತಿಳಿವಳಿಕೆ ಎಲ್ಲಿದೆ? ಬೆಳೆದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ಅಭಿಧಮನಿಯನ್ನು ಒತ್ತಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ; ತಲೆ ಸುತ್ತುತ್ತದೆ. ‘ಅಂಗಾತ ಮಲಗಿದರೆ ಕಣ್ಣು ಕತ್ತಲೆ ಬರುತ್ತೆ, ಮಗ್ಗುಲಾದರೆ ಸರಿಹೋಗುತ್ತೆ’ ಎನ್ನುವ ಹೆಂಗಸಿಗೆ ಈ ಸಂಗತಿ ಮೈಯಿಂದಲೇ ಗೊತ್ತಿದೆ. ಪ್ರಶ್ನಾವಳಿಯಲ್ಲಿ ಅವಳು ತಪ್ಪು ಚೌಕಕ್ಕೆ ಗುರುತು ಹಾಕಿರಲೂಬಹುದು.

ಇನ್ನೊಂದು ಮಾದರಿ, ‘ಕೆಗೆಲ್ ವ್ಯಾಯಾಮ ಎಂದರೇನು?’ ಎಂಬುದು. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕನ್ ವೈದ್ಯ 1948ರಲ್ಲಿ ವಿವರಿಸಿದ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕ್ರಮ ಅದು. ಉಪಯುಕ್ತವಾದದ್ದೇ. ಆದರೆ ಹೆಸರು ಗೊತ್ತಿಲ್ಲದವಳಿಗೆ ವಿಷಯವೇ ಗೊತ್ತಿಲ್ಲ ಎಂದು ಲೆಕ್ಕ ಹಾಕುವುದು, ‘ಆರ್ಕಿಮಿಡೀಸ್ ಯಾರು?’ ಎಂದು ದೋಣಿ ನಡೆಸುವವನನ್ನು ಕೇಳಿ ಅವನಿಗೆ ತೇಲುವಿಕೆ ತಿಳಿಯದು ಎಂದಂತೆ.

ವ್ಯಾಯಾಮ ಎಂಬ ಪದ

ಪ್ರಶ್ನಾವಳಿಗಳು ಹುಟ್ಟುವುದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬರುವುದು ಅನುವಾದದ ಮೂಲಕ. ಕ್ಯಾಸ್ಪರ್ಸನ್ ಮತ್ತು ಸಂಗಡಿಗರು 1985ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದು ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿತು. ಸ್ನಾಯುಗಳಿಂದಾಗುವ, ಶಕ್ತಿ ವ್ಯಯವಾಗುವ ಯಾವುದೇ ಚಲನೆ ‘ದೈಹಿಕ ಚಟುವಟಿಕೆ’. ಅದರೊಳಗೆ, ದೇಹದ ಕ್ಷಮತೆಗಾಗಿಯೇ ಯೋಜಿಸಿ ಮತ್ತೆ ಮತ್ತೆ ಮಾಡುವ ಭಾಗ ಮಾತ್ರ ‘ವ್ಯಾಯಾಮ’. ಬಟ್ಟೆ ಒಗೆಯುವುದು, ನೀರು ಹೊರುವುದು, ಕಳೆ ಕೀಳುವುದು ಮೊದಲನೆಯದಕ್ಕೆ ಸೇರಿದವು, ಎರಡನೆಯದಕ್ಕೆ ಅಲ್ಲ.

ಕನ್ನಡದಲ್ಲಿ ‘ವ್ಯಾಯಾಮ’ ಎಂದರೆ ಹಳ್ಳಿಯ ಕಿವಿಗೆ ಕೇಳಿಸುವುದು ಗರಡಿಮನೆಯ ದಂಡ–ಬಸ್ಕಿ, ಇಲ್ಲವೇ ಶಾಲೆಯ ಡ್ರಿಲ್ಲು. ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು ಅದನ್ನು ಮಾಡಬೇಕೇ ಎಂದರೆ ಯಾರಾದರೂ ‘ಬೇಡಪ್ಪಾ’ ಎನ್ನುತ್ತಾರೆ. ಪೇಟೆಯವರಿಗೆ ‘ವಾಕಿಂಗ್’ ಬೇರೆ, ‘ನಡೆಯುವುದು’ ಬೇರೆ. ಬೆಳಗ್ಗೆ ಬೂಟು ಹಾಕಿಕೊಂಡು ಉದ್ಯಾನ ಸುತ್ತಿದರೆ ವಾಕಿಂಗ್. ಬಸ್ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್ ಹೋಗಿ ಬಂದರೆ ಅದು ಬರೀ ನಡೆದದ್ದು. ‘ನೀವು ವ್ಯಾಯಾಮ ಮಾಡುತ್ತೀರಾ?’ ಎಂಬುದಕ್ಕೆ ‘ಇಲ್ಲ’ ಎಂದವಳು ತನ್ನ ಭಾಷೆಯಲ್ಲಿ ನಿಜವನ್ನೇ ಹೇಳಿದ್ದಾಳೆ. ಪ್ರಬಂಧದಲ್ಲಿ ಅದು ‘ಆಚರಣೆ: ಕಳಪೆ’ ಎಂದು ದಾಖಲಾಗುತ್ತದೆ. ಅನುವಾದಿಸಿದ ಪ್ರಶ್ನಾವಳಿಯನ್ನು ಬೇರೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದಿಸಿ ಸರಿನೋಡುವ ಪದ್ಧತಿಯೇನೋ ಇದೆ. ಆದರೆ ‘ವ್ಯಾಯಾಮ’ವನ್ನು ಮರಳಿ ಅನುವಾದಿಸಿದರೆ ಮೂಲ ಇಂಗ್ಲಿಷ್ ಪದವೇ ಸಿಗುತ್ತದೆ! ನಿಘಂಟು ಒಪ್ಪಿತು, ಆದರೆ ಉತ್ತರ ಕೊಟ್ಟವಳು ನಿಘಂಟನ್ನು ಇಟ್ಟುಕೊಂಡು ಕೂತಿರಲಿಲ್ಲ.

ಅಂಕಗಳ ಲೆಕ್ಕ

ಈಗ ಅಂಕಗಣಿತಕ್ಕೆ ಬರೋಣ. ಇಪ್ಪತ್ತು ‘ಸರಿ–ತಪ್ಪು’ ಪ್ರಶ್ನೆಗಳಲ್ಲಿ ಒಬ್ಬಾಕೆ 12 ಅಂಕ ಪಡೆದಳು ಎನ್ನಿ. ಶೇಕಡ 60, ‘ಮಧ್ಯಮ ತಿಳಿವಳಿಕೆ’. ಆದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 10 ಅಂಕ ಬರುತ್ತದೆ. ಈ ಮಾಪಕದ ಶೂನ್ಯ ಇರುವುದು ಸೊನ್ನೆಯಲ್ಲಲ್ಲ, ಹತ್ತರಲ್ಲಿ. ಊಹೆಯ ಪಾಲನ್ನು ಕಳೆದರೆ, ಅಂದರೆ ಸರಿಯುತ್ತರಗಳಿಂದ ತಪ್ಪುತ್ತರಗಳನ್ನು ಕಳೆದರೆ, ಉಳಿಯುವುದು 12–8 = 4; ಇಪ್ಪತ್ತಕ್ಕೆ ನಾಲ್ಕು, ಶೇಕಡ 20. ತ್ರಾಸಿನ ತಟ್ಟೆಯ ತೂಕವನ್ನು ಕಳೆಯದೆ ಬೆಲ್ಲ ತೂಗಿದ ಹಾಗಾಯಿತು.

ಇನ್ನು ‘ಉತ್ತಮ’, ‘ಕಳಪೆ’ ಎಂಬ ವಿಂಗಡಣೆ. ಕೆಲವರು ಗುಂಪಿನ ಮಧ್ಯಾಂಕವನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮೇಲಿನವರು ಉತ್ತಮ, ಕೆಳಗಿನವರು ಕಳಪೆ. ಮಧ್ಯಾಂಕದ ವ್ಯಾಖ್ಯೆಯೇ ಅರ್ಧ ಜನ ಅದರ ಕೆಳಗಿರುವ ಸ್ಥಾನ. ಪ್ರಸೂತಿ ತಜ್ಞೆಯರನ್ನೇ ನೂರು ಮಂದಿ ಕೂರಿಸಿ ಪರೀಕ್ಷಿಸಿದರೂ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ತಿಳಿವಳಿಕೆ ಕಳಪೆ ಎಂಬ ಫಲಿತಾಂಶವೇ ಹೊರಬೀಳುತ್ತದೆ. ‘ಶೇಕಡ 48 ಮಹಿಳೆಯರಿಗೆ ಸಾಕಷ್ಟು ತಿಳಿವಳಿಕೆಯಿಲ್ಲ’ ಎಂಬ ಬಗೆಯ ವಾಕ್ಯವನ್ನು ಓದಿದಾಗ ವಿದ್ಯಾರ್ಥಿಗಳು ಮೊದಲು ಹುಡುಕಬೇಕಾದ್ದು ಈ ಗೆರೆ ಎಲ್ಲಿಂದ ಬಂತು ಎಂಬುದನ್ನು.

ಆಮೇಲೆ ಬರುವುದು ಕೋಷ್ಟಕಗಳ ಸರಣಿ: ತಿಳಿವಳಿಕೆಗೂ ವಯಸ್ಸಿಗೂ ಸಂಬಂಧವಿದೆಯೇ, ಮತಕ್ಕೂ, ಆದಾಯಕ್ಕೂ, ಕುಟುಂಬದ ಬಗೆಗೂ, ಆಹಾರ ಪದ್ಧತಿಗೂ? ಹತ್ತು ಗುಣಗಳಿಗೆ ಹತ್ತು ಕೈ-ವರ್ಗ ಪರೀಕ್ಷೆಗಳು. ಯಾವ ಸಂಬಂಧವೂ ಇಲ್ಲದಿದ್ದರೂ, ಶೇಕಡ 5ರ ಮಟ್ಟದಲ್ಲಿ ಹತ್ತು ಸ್ವತಂತ್ರ ಪರೀಕ್ಷೆ ಮಾಡಿದರೆ ಒಂದಾದರೂ ‘ಸಾರ್ಥಕ’ವೆಂದು ತೋರುವ ಸಂಭವ 1–(0.95)¹⁰, ಅಂದರೆ ಸುಮಾರು ಶೇಕಡ 40. ಹಾಗೆ ಸಿಕ್ಕಿದ ಒಂದು ಸಂಬಂಧದ ಮೇಲೆ ಚರ್ಚೆಯ ಅಧ್ಯಾಯ ಕಟ್ಟಲಾಗುತ್ತದೆ.

ನಮ್ಮ ರಾಜ್ಯದ ಶುಶ್ರೂಷಾ ಪ್ರಬಂಧಗಳಲ್ಲಿ ಇನ್ನೊಂದು ಅಚ್ಚುಮೆಚ್ಚಿನ ವಿನ್ಯಾಸವಿದೆ. ಐವತ್ತೋ ಅರವತ್ತೋ ಚೊಚ್ಚಲ ಗರ್ಭಿಣಿಯರಿಗೆ ಪ್ರಶ್ನಾವಳಿ ಕೊಡುವುದು, ಪಾಠ ಹೇಳುವುದು, ವಾರದ ನಂತರ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಡುವುದು. ಅಂಕ ಏರಿರುತ್ತದೆ. ಏರದೆ ಇನ್ನೇನಾಗಬೇಕು? ಉತ್ತರವನ್ನು ಹೇಳಿಕೊಟ್ಟು ಪ್ರಶ್ನೆ ಕೇಳಿದ್ದೇವೆ. ಒಲೆಯ ಮೇಲೆ ನೀರಿಟ್ಟು ತಾಪಮಾಪಿ ಏರಿತೆಂದು ವರದಿ ಮಾಡುವುದಕ್ಕೂ ಇದಕ್ಕೂ ಅಂತರ ಕಡಿಮೆ. ಪಾಠ ಕೇಳದ ಹೋಲಿಕೆಯ ಗುಂಪು ಇರುವುದು ವಿರಳ. ಆ ಮಹಿಳೆಯರು ಮನೆಗೆ ಹೋಗಿ ಒಂದು ಹೆಜ್ಜೆಯಾದರೂ ಹೆಚ್ಚು ನಡೆದರೇ, ಹೆರಿಗೆ ಹೇಗಾಯಿತು ಎಂದು ನೋಡುವುದು ಇನ್ನೂ ವಿರಳ. ವಿದ್ಯಾರ್ಥಿನಿಯರನ್ನು ದೂರಲಾರೆ. ಅವರಿಗೆ ಸಿಗುವುದು ಕೆಲವು ತಿಂಗಳು, ಒಂದು ಆಸ್ಪತ್ರೆ, ಗ್ರಂಥಾಲಯದಲ್ಲಿ ಹಿಂದಿನ ವರ್ಷದ ಪ್ರಬಂಧ. ಆದರೆ ಮಾರ್ಗದರ್ಶಕರು ಇದೇ ಅಚ್ಚನ್ನು ವರ್ಷವರ್ಷವೂ ಒಪ್ಪುತ್ತಿರುವುದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮನೋಭಾವವನ್ನು ಕೂಡುವುದು

ಮನೋಭಾವಕ್ಕೆ ಬಳಸುವುದು ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ಐದು ಮೆಟ್ಟಿಲಿನ ಮಾಪಕ. ‘ಬಲವಾಗಿ ಒಪ್ಪುತ್ತೇನೆ’ ಎಂಬುದಕ್ಕೆ 5, ‘ಬಲವಾಗಿ ಒಪ್ಪುವುದಿಲ್ಲ’ ಎಂಬುದಕ್ಕೆ 1. ಹೀಗೆ ಬಂದ ಅಂಕಗಳನ್ನು ಕೂಡಿ, ಭಾಗಿಸಿ, 3.74 ಎಂಬಂಥ ಸರಾಸರಿ ತೆಗೆಯಲಾಗುತ್ತದೆ. ಖನಿಜಗಳ ಗಡಸುತನ ಹೇಳುವ ಮೋಸ್ ಮಾಪಕವನ್ನು ನೆನಪಿಸಿಕೊಳ್ಳಿ. ಕುರುಂದಕ್ಕೆ 9, ವಜ್ರಕ್ಕೆ 10. ವ್ಯತ್ಯಾಸ ಒಂದೇ ಅಂಕ, ಆದರೆ ವಜ್ರ ಕುರುಂದಕ್ಕಿಂತ ಹಲವು ಪಟ್ಟು ಗಡಸು. ಮೋಸ್ ಅಂಕಗಳು ಸರದಿಯನ್ನು ಹೇಳುತ್ತವೆ, ಅಂತರವನ್ನಲ್ಲ. ಅವನ್ನು ಕೂಡಿ ಸರಾಸರಿ ತೆಗೆಯುವುದಕ್ಕೆ ಅರ್ಥವಿಲ್ಲ. ಅಳತೆಗಳಲ್ಲಿ ಈ ಜಾತಿಭೇದವನ್ನು ಸ್ಟೀವನ್ಸ್ 1946ರಲ್ಲೇ ಸ್ಪಷ್ಟಪಡಿಸಿದ್ದ. ಲೈಕರ್ಟ್ ಅಂಕಗಳನ್ನು ಕೂಡಬಹುದೇ ಎಂಬ ಬಗ್ಗೆ ಸಂಖ್ಯಾಶಾಸ್ತ್ರಜ್ಞರಲ್ಲಿ ಇಂದಿಗೂ ವಾದವಿದೆ. ಹಲವು ಹೇಳಿಕೆಗಳ ಮೊತ್ತವನ್ನು ಎಚ್ಚರಿಕೆಯಿಂದ ಬಳಸಬಹುದು ಎನ್ನುವವರೂ ಇದ್ದಾರೆ. ನಾನು ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಎರಡು ದಶಮಾಂಶವನ್ನು ಮಾತ್ರ ಒಪ್ಪಲಾರೆ.

‘ನಮ್ಮ ಪ್ರಶ್ನಾವಳಿ ವಿಶ್ವಸನೀಯ, ಕ್ರಾನ್‌ಬಾಕ್ ಆಲ್ಫಾ 0.8’ ಎಂಬ ಸಮರ್ಥನೆ ಬರುತ್ತದೆ. ಆಲ್ಫಾ ಹೇಳುವುದು ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂಬುದನ್ನು. ಮುಳ್ಳು ಬಾಗಿದ ಸ್ಪ್ರಿಂಗ್ ತ್ರಾಸು ಪ್ರತಿ ಸಲವೂ 200 ಗ್ರಾಂ ಹೆಚ್ಚು ತೋರಿಸಿದರೆ ಅದರ ಅಳತೆಗಳೂ ಒಂದಕ್ಕೊಂದು ಹೊಂದುತ್ತವೆ. ನಿಷ್ಕೃಷ್ಟತೆ ಬೇರೆ, ಯಥಾರ್ಥತೆ ಬೇರೆ. ಇದು ಪ್ರಯೋಗಶಾಲೆಯ ಮೊದಲ ವಾರದ ಪಾಠ.

ಇಲ್ಲಿ ಮುಳ್ಳನ್ನು ಬಾಗಿಸುವುದು ಮರ್ಯಾದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸರದಿಗೆ ಕಾದು ಕುಳಿತ ಬಸುರಿಯ ಬಳಿ ಬಿಳಿ ಕೋಟಿನ ಹುಡುಗಿ ಬಂದು, ‘ಗರ್ಭಿಣಿಯರಿಗೆ ವ್ಯಾಯಾಮ ಒಳ್ಳೆಯದು – ಒಪ್ಪುತ್ತೀರಾ ಅಕ್ಕಾ?’ ಎಂದರೆ ಒಪ್ಪದೆ ಏನು ಮಾಡಿಯಾಳು? ಪಕ್ಕದಲ್ಲಿ ಅತ್ತೆ ಕುಳಿತಿದ್ದರೆ ಉತ್ತರ ಇನ್ನೊಂದು ರೀತಿ ಬಾಗುತ್ತದೆ.

ಇದು ಹೊಸ ಸಂಗತಿಯಲ್ಲ. ತಿಳಿವಳಿಕೆ–ಮನೋಭಾವ–ಆಚರಣೆ ಎಂಬ ತ್ರಿವಳಿ ಸಮೀಕ್ಷೆ ಬೆಳೆದದ್ದು ಕಳೆದ ಶತಮಾನದ ನಡುವಿನಲ್ಲಿ, ಕುಟುಂಬ ಯೋಜನೆಯ ಕಾರ್ಯಕ್ರಮಗಳ ಜೊತೆಯಲ್ಲಿ. ಆ ಇತಿಹಾಸದಲ್ಲಿ ನಮ್ಮ ರಾಜ್ಯಕ್ಕೂ ಒಂದು ಸ್ಥಾನವಿದೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ಆಗಿನ ಮೈಸೂರು ರಾಜ್ಯದಲ್ಲಿ 1951-52ರಲ್ಲಿ ಕ್ಷೇತ್ರಕಾರ್ಯ ನಡೆಸಿ, 1961ರಲ್ಲಿ ವರದಿ ಪ್ರಕಟಿಸಿದ ‘ಮೈಸೂರು ಜನಸಂಖ್ಯಾ ಅಧ್ಯಯನ’ ಮನೆಮನೆಗೆ ಹೋಗಿ ಸಂತಾನದ ಬಗೆಗಿನ ಅಭಿಪ್ರಾಯ ಕೇಳಿದ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲೊಂದು. ಜಾನ್ ಕ್ಲೆಲ್ಯಾಂಡ್ 1973ರಲ್ಲೇ ಇಂಥ ಸಮೀಕ್ಷೆಗಳ ದೌರ್ಬಲ್ಯಗಳನ್ನು ವಿವರವಾಗಿ ವಿಮರ್ಶಿಸಿದ. ನೇಪಾಳದಲ್ಲಿ ಗೇಬ್ರಿಯಲ್ ಕ್ಯಾಂಪ್‌ಬೆಲ್ ಮತ್ತು ಲಿಂಡಾ ಸ್ಟೋನ್ ಒಂದು ಹೆಜ್ಜೆ ಮುಂದೆ ಹೋದರು. ಸಮೀಕ್ಷೆಗೆ ಉತ್ತರ ಕೊಟ್ಟ ಹಳ್ಳಿಗರನ್ನು ಮತ್ತೆ ಕಂಡು, ನಿಧಾನವಾಗಿ ಮಾತಾಡಿಸಿ ಸರಿನೋಡಿದರು. ‘ಗೊತ್ತಿಲ್ಲ’ ಎಂದು ದಾಖಲಾಗಿದ್ದ ಅನೇಕರಿಗೆ ವಿಷಯ ಚೆನ್ನಾಗಿಯೇ ಗೊತ್ತಿತ್ತು. ಅಪರಿಚಿತರ ಮುಂದೆ ಆ ಮಾತು ಆಡಲು ಸಂಕೋಚವಾಗಿತ್ತು ಅಷ್ಟೆ. ಈ ವರದಿ 1984ರಷ್ಟು ಹಿಂದಿನದು. ವಿಮರ್ಶೆ ಹಳೆಯದಾಯಿತು, ಪದ್ಧತಿ ಮಾತ್ರ ಹೊಸ ವಿಷಯಗಳಿಗೆ ಹಬ್ಬುತ್ತಲೇ ಇದೆ.

ಪುಣೆಯ ಹಳ್ಳಿಗಳಿಂದ ಒಂದು ಲೆಕ್ಕ

ಇಷ್ಟರವರೆಗಿನದು ತಾಂತ್ರಿಕ ತಕರಾರು ಎಂದು ಬದಿಗಿಡಬಹುದಿತ್ತು, ತೀರ್ಮಾನಗಳು ನಿರಪಾಯವಾಗಿದ್ದರೆ. ‘ಹೆಚ್ಚು ವ್ಯಾಯಾಮ ಮಾಡಿ’ ಎಂಬ ಸಲಹೆ ಎಲ್ಲರಿಗೂ ನಿರಪಾಯಕರವೇ?

ಪುಣೆಯ ಬಳಿಯ ಆರು ಹಳ್ಳಿಗಳಲ್ಲಿ 1993ರಿಂದ 1996ರವರೆಗೆ ನಡೆದ ತಾಯಂದಿರ ಪೋಷಣೆಯ ಅಧ್ಯಯನ ನಮ್ಮ ದೇಶದ ಗರ್ಭಿಣಿಯರ ಕುರಿತ ಅತ್ಯುತ್ತಮ ಅಧ್ಯಯನಗಳಲ್ಲೊಂದು. ಅಲ್ಲಿಯ ತಾಯಂದಿರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಗರ್ಭಧಾರಣೆಗೆ ಮುಂಚಿನ ತೂಕ ಸುಮಾರು 42 ಕೆ.ಜಿ. ಇದರ ಭಾಗವಾಗಿ ಶೋಭಾ ರಾವ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಲೇಖನ ಮನೆಗೆಲಸ, ಹೊಲದ ಕೆಲಸ ಎಲ್ಲವನ್ನೂ ಸೇರಿಸಿ ತಾಯಿಯ ಚಟುವಟಿಕೆಗೆ ಅಂಕ ಕೊಟ್ಟು, ಮಗುವಿನ ಜನನ ಕಾಲದ ಗಾತ್ರದೊಡನೆ ಹೋಲಿಸಿತು. ಗರ್ಭದ ಆರಂಭದ ಮತ್ತು ನಡುವಿನ ತಿಂಗಳುಗಳಲ್ಲಿ ಹೆಚ್ಚು ದುಡಿದವರ ಮಕ್ಕಳ ಸರಾಸರಿ ತೂಕ ಕಡಿಮೆ, ತಲೆಯ ಸುತ್ತಳತೆ ಕಡಿಮೆ, ತೋಳಿನ ಸುತ್ತಳತೆ ಕಡಿಮೆ.

ಏಕೆಂದು ಒಂದು ಸ್ಥೂಲ ಲೆಕ್ಕ ಹಾಕಿ ನೋಡೋಣ. ಇದನ್ನು ತರಗತಿಯಲ್ಲೂ ಮಾಡಿಸಬಹುದು. ಸುಮ್ಮನೆ ಕುಳಿತಾಗ ಪ್ರತಿ ಕೆ.ಜಿ. ದೇಹತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲರಿ ವ್ಯಯವಾಗುತ್ತದೆ. ಇದನ್ನು 1 ಮೆಟ್ ಎನ್ನುತ್ತಾರೆ. ಚುರುಕಾದ ನಡಿಗೆ ಸುಮಾರು 4.3 ಮೆಟ್. ಕೆನಡದ ವಿಶ್ಲೇಷಣೆಯ ಪ್ರಕಾರ ಮಧುಮೇಹ ಇತ್ಯಾದಿಗಳ ಸಂಭವ ಕಾಲುಭಾಗ ಕಡಿಮೆಯಾಗಲು ವಾರಕ್ಕೆ ಕನಿಷ್ಠ 600 ಮೆಟ್-ನಿಮಿಷ ಬೇಕು, 600ನ್ನು 4.3ರಿಂದ ಭಾಗಿಸಿದರೆ ಸುಮಾರು 140 ನಿಮಿಷಗಳ ನಡಿಗೆ. ಈಗ 42 ಕೆ.ಜಿ.ಯ ಹೆಂಗಸೊಬ್ಬಳು ದಿನಕ್ಕೆ ಆರು ಗಂಟೆ ಹೊಲದಲ್ಲಿ ದುಡಿಯುತ್ತಾಳೆ, ಆ ದುಡಿಮೆ ಸರಾಸರಿ 3.5 ಮೆಟ್ ಎಂದಿಟ್ಟುಕೊಳ್ಳೋಣ. ಒಂದೇ ದಿನಕ್ಕೆ 360 × 3.5 = 1260 ಮೆಟ್-ನಿಮಿಷ. ವಾರದ ಗುರಿಯ ಎರಡು ಪಟ್ಟು ಅವಳಿಗೆ ಸೋಮವಾರ ಸಂಜೆಗೇ ಮುಗಿದಿದೆ. ಆರು ದಿನ ಕೆಲಸಕ್ಕೆ ಹೋದರೆ 7560. ಗುರಿಯ ಹನ್ನೆರಡು ಪಟ್ಟಿಗಿಂತ ಹೆಚ್ಚು.

ಶಕ್ತಿಯ ಲೆಕ್ಕ ಇನ್ನೂ ಕಠೋರ. ಇಡೀ ದಿನ ಸುಮ್ಮನಿದ್ದರೂ 42 × 24 = 1008 ಕಿಲೋಕ್ಯಾಲರಿ. ಹೊಲದ ದುಡಿಮೆಗೆ ಹೆಚ್ಚುವರಿಯಾಗಿ 42 × 2.5 × 6 = 630. ಒಟ್ಟು 1638. ಪುಣೆಯ ಅಧ್ಯಯನದಲ್ಲಿ ತಾಯಂದಿರು ಉಣ್ಣುತ್ತಿದ್ದದ್ದು ದಿನಕ್ಕೆ ಏಳು ಮೆಗಾಜೂಲ್‌ಗಿಂತ ತುಸು ಹೆಚ್ಚು. 1750 ಕಿಲೋಕ್ಯಾಲರಿ ಎನ್ನೋಣ. ಉಳಿದದ್ದು ನೂರಹತ್ತು ಚಿಲ್ಲರೆ. ಅಡುಗೆ, ನೀರು, ಬಟ್ಟೆ, ದನಕರು, ಮೊದಲ ಮಗು, ಹೊಟ್ಟೆಯಲ್ಲಿರುವ ಮಗು ಎಲ್ಲಕ್ಕೂ ಅಷ್ಟೆ. ಗರ್ಭಿಣಿಗೆ ದಿನಕ್ಕೆ 350 ಕಿಲೋಕ್ಯಾಲರಿ ಹೆಚ್ಚುವರಿ ಆಹಾರ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು. ಲೆಕ್ಕ ಕೂಡುವುದಿಲ್ಲ, ಕೂಡದ ಭಾಗವನ್ನು ತಾಯಿಯ ಮೈ ಅಥವಾ ಮಗುವಿನ ತೂಕ ಭರಿಸುತ್ತದೆ. ಇದು ಕಾರಣವನ್ನು ಸಾಧಿಸುವ ಲೆಕ್ಕವಲ್ಲ, ಸರಾಸರಿಗಳನ್ನು ಜೋಡಿಸಿದ ಅಂದಾಜು ಮಾತ್ರ. ಆದರೆ ಶಕ್ತಿಸಂರಕ್ಷಣೆಯ ನಿಯಮಕ್ಕೆ ಗರ್ಭಿಣಿಯರೆಂದು ರಿಯಾಯಿತಿ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಭಾರತದ ಗರ್ಭಿಣಿಯರಲ್ಲಿ ಶೇಕಡ 52.2 ಮಂದಿಗೆ ರಕ್ತಹೀನತೆ ಇದೆ ಎಂದಿತು. ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆ 2017ರಲ್ಲಿ ಮೊದಲ ಮಗುವಿಗೆ 5000 ರೂಪಾಯಿ ನೆರವು ಘೋಷಿಸಿದಾಗ ಅದರ ಉದ್ದೇಶಗಳಲ್ಲಿ ಒಂದು, ಕೂಲಿ ನಷ್ಟವನ್ನು ಭಾಗಶಃ ತುಂಬಿಕೊಟ್ಟು ಗರ್ಭಿಣಿಗೆ ಸಾಕಷ್ಟು ವಿಶ್ರಾಂತಿ ಸಿಗುವಂತೆ ಮಾಡುವುದು. ಒಂದು ಕಡೆ ಸರ್ಕಾರ ವಿಶ್ರಾಂತಿಗೆ ಹಣ ಕೊಡುತ್ತದೆ. ಅದೇ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಪ್ರಶ್ನಾವಳಿ ಬಂದು ‘ಗರ್ಭಿಣಿಗೆ ಹೆಚ್ಚು ವಿಶ್ರಾಂತಿ ಬೇಕು’ ಎಂಬ ಹೇಳಿಕೆಗೆ ಒಪ್ಪಿದವಳನ್ನು ‘ಪ್ರತಿಕೂಲ ಮನೋಭಾವ’ದ ಪಟ್ಟಿಗೆ ಸೇರಿಸಬಹುದು. ಅದೇ ಸಾಲಿನಲ್ಲಿ ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವಳೂ, ‘ಎರಡು ಜೀವ, ಇಬ್ಬರ ಪಾಲು ಉಣ್ಣು, ಅಲುಗಾಡಬೇಡ’ ಎಂದು ತವರಿನವರಿಂದ ಕೇಳಿಸಿಕೊಂಡವಳೂ ಇರುತ್ತಾರೆ. ಅವಳಿಗೆ ನಡೆ ಎನ್ನಬೇಕು, ಇವಳಿಗೆ ಕೂರು ಎನ್ನಬೇಕು. ಇಬ್ಬರ ಅಂಕಗಳನ್ನೂ ಕೂಡಿ ಎರಡರಿಂದ ಭಾಗಿಸಿದರೆ ಯಾರಿಗೂ ಹೊಂದದ ಸಲಹೆ ಸಿಗುತ್ತದೆ.

ಇದಕ್ಕಿಂತ ಚೆನ್ನಾಗಿ ಅಳೆಯುವ ಸಾಧನಗಳು ಇಲ್ಲವೆಂದಲ್ಲ. ಅಮೆರಿಕದ ಲೀಸಾ ಚಾಸನ್-ಟೇಬರ್ ಮತ್ತು ಸಂಗಡಿಗರು 2004ರಲ್ಲಿ ಗರ್ಭಿಣಿಯರಿಗಾಗಿಯೇ ರೂಪಿಸಿದ ಪ್ರಶ್ನಾವಳಿಯಲ್ಲಿ ‘ವ್ಯಾಯಾಮ ಮಾಡುತ್ತೀರಾ’ ಎಂಬ ಒಂದು ಪ್ರಶ್ನೆಗೆ ಬದಲು ಮನೆಗೆಲಸ, ಮಕ್ಕಳ ಆರೈಕೆ, ಉದ್ಯೋಗ, ಓಡಾಟ, ಕೂತ ಸಮಯ ಎಲ್ಲದರ ವಿವರ ಕೇಳಲಾಗುತ್ತದೆ. ಅದರ ಉತ್ತರಗಳನ್ನು ಸೊಂಟಕ್ಕೆ ಕಟ್ಟಿದ ವೇಗೋತ್ಕರ್ಷಮಾಪಿಯ ದಾಖಲೆಗಳೊಡನೆ ಹೋಲಿಸಿಯೂ ನೋಡಿದರು. ಹೊಂದಾಣಿಕೆ ಪೂರ್ಣವಾಗಿರಲಿಲ್ಲ, ಆದರೆ ಹೋಲಿಸಿದ್ದು ಮುಖ್ಯ. ನಮ್ಮಲ್ಲಿ ‘ಕಳೆದ ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ?’ ಎಂದು ಕೇಳಿ ಬರೆದುಕೊಂಡರೂ ಸಾಕು, ನೂರು ಸರಿ–ತಪ್ಪುಗಳಿಗಿಂತ ಹೆಚ್ಚು ತಿಳಿಯುತ್ತದೆ. ಶ್ರಮದ ಮಟ್ಟಕ್ಕೆ ಮಾತಿನ ಪರೀಕ್ಷೆ ಇದೆ: ಕೆಲಸ ಮಾಡುತ್ತಲೇ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ ಶ್ರಮ, ಮಾತಿಗೂ ಉಸಿರು ಸಾಲದೆ ಹೋದರೆ ಹೆಚ್ಚು. ಬೀಸುವ ಪದ ಹಾಡುತ್ತ ಬೀಸುತ್ತಿದ್ದವರ ನಾಡಿನಲ್ಲಿ ಇದನ್ನು ವಿವರಿಸಲು ಕಷ್ಟವಿಲ್ಲ.

ಯಂತ್ರವೊಂದೇ ಸಾಕೆಂದೂ ಇದರರ್ಥವಲ್ಲ. ವೇಗೋತ್ಕರ್ಷಮಾಪಿ ಅಳೆಯುವುದು ಸೊಂಟದ ಅಲುಗಾಟವನ್ನು. ಹೊಟ್ಟೆ ಬೆಳೆದಂತೆ ಪಟ್ಟಿ ವಾಲುತ್ತದೆ, ಅಕ್ಷ ಬದಲಾಗುತ್ತದೆ. ಬಗ್ಗಿ ನಾಟಿ ಹಾಕುವಾಗ ಸೊಂಟ ಹೆಚ್ಚು ಅಲುಗುವುದಿಲ್ಲ; ಮಾಪಿ ಅದನ್ನು ವಿಶ್ರಾಂತಿಗೆ ಹತ್ತಿರವೆಂದು ಬರೆದುಕೊಳ್ಳುತ್ತದೆ. ಹದಿನೈದು ಲೀಟರಿನ ಕೊಡ ಹೊತ್ತು ನಡೆದರೂ ಬರಿಗೈಯಲ್ಲಿ ನಡೆದರೂ ಅದಕ್ಕೆ ಬಹುಮಟ್ಟಿಗೆ ಒಂದೇ. ಕೊಡ ಎಷ್ಟು, ದೂರ ಎಷ್ಟು, ದಿಬ್ಬ ಉಂಟೋ ಇಲ್ಲವೋ ಎಂಬುದನ್ನು ಅವಳನ್ನೇ ಕೇಳಬೇಕು. ಅದಕ್ಕೆ ನಾಲ್ಕು ಆಯ್ಕೆಗಳನ್ನು ಕೊಡುವ ಅಗತ್ಯವಿಲ್ಲ.